ಬಾಡಿಗೆಯ ಲೇಖನಿ

(ಬಾನುಲಿ ಭಾಷಣ)

ನಮ್ಮ ಬೀದಿಯ ಹಿರಿಯರೊಬ್ಬರು, ನಿವೃತ್ತ ಉಪಾಧ್ಯಾಯರು, ಒಂದು ದಿನ ನನ್ನನ್ನು ತಡೆದು ನಿಲ್ಲಿಸಿ ಕೇಳಿದರು: “ಏನಪ್ಪಾ, ಹಗಲೆಲ್ಲ ಮನೆಯಲ್ಲೇ ಇರುತ್ತೀಯೆ, ರಾತ್ರಿ ಹನ್ನೆರಡಾದರೂ ನಿನ್ನ ಕೋಣೆಯ ದೀಪ ಆರುವುದಿಲ್ಲ. ಏನು ನಿನ್ನ ಉದ್ಯೋಗ?”

“ಬರೆಯುತ್ತೇನೆ, ಮೇಷ್ಟ್ರೇ” ಎಂದೆ.

ಅವರ ಮುಖ ಅರಳಿತು. “ಕಥೆಯೋ, ಕಾದಂಬರಿಯೋ?”

“ಎರಡೂ ಅಲ್ಲ. ಗಣಕಯಂತ್ರದ ತಂತ್ರಾಂಶಗಳನ್ನು ಕುರಿತು ಜಾಲತಾಣಗಳಿಗೆ ಬರೆಯುತ್ತೇನೆ.”

ಅರಳಿದ ಮುಖ ಹಾಗೆಯೇ ಮುದುಡಿತು. “ಓಹೋ, ಹಾಗೋ” ಎಂದು ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದೆ ನಡೆದರು. ಅವರಿಗೆ ಅಂದು ಹೇಳಲಾಗದೆ ಹೋದುದನ್ನು ಇಂದು ತಮ್ಮೆದುರು ಹೇಳಲು ಪ್ರಯತ್ನಿಸುತ್ತೇನೆ.

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಅದನ್ನು ಬೆರಳಿನಿಂದ ಬಾರಿಸಿ ನೋಡುತ್ತಾಳೆ. ನಾದ ಒಡಕಾಗಿ ಕೇಳಿಸಿದರೆ ಮಾತಿಲ್ಲದೆ ಕೆಳಗಿಡುತ್ತಾಳೆ. ತಂತ್ರಾಂಶವಾದರೋ ಹಾಗೆ ಕೈಗೆ ಸಿಕ್ಕುವ ವಸ್ತುವಲ್ಲ. ಭಾವಚಿತ್ರಗಳನ್ನು ಜೋಡಿಸಿಡುವುದು, ಮನೆಯ ಜಮಾಖರ್ಚು ಬರೆದಿಡುವುದು, ಗುಪ್ತಪದಗಳನ್ನು ಕಾಯುವುದು, ಕಡತಗಳಿಗೆ ಇನ್ನೊಂದು ಪ್ರತಿ ಮಾಡಿಡುವುದು, ಇಂಥ ಗೃಹಕೃತ್ಯಗಳಿಗೆಂದು ಲೆಕ್ಕವಿಲ್ಲದಷ್ಟು ತಂತ್ರಾಂಶಗಳು ಬರುತ್ತಲೇ ಇವೆ. ಇವುಗಳ ಒಡಕು ಹೊರಗೆ ಕಾಣುವುದಿಲ್ಲ. ಯಾರಾದರೂ ನಾಲ್ಕು ದಿನ ಬಳಸಿ ನೋಡಿ ಹೇಳಬೇಕು. ಆ ಬಾರಿಸಿ ನೋಡುವ ಬೆರಳಿನ ಕೆಲಸವೇ ನನ್ನಂಥವರ ಉದ್ಯೋಗ.

ಈ ಉದ್ಯೋಗಕ್ಕೂ ಒಂದು ಪರಂಪರೆಯಿದೆ. 1975ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಬೈಟ್’ ಪತ್ರಿಕೆ ಬಹುಮಟ್ಟಿಗೆ ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲ ಬಲ್ಲಿದರಿಗಾಗಿ ಇದ್ದದ್ದು. 1991ರಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯಲ್ಲಿ ವಾಲ್ಟ್ ಮಾಸ್‌ಬರ್ಗ್ ಎಂಬವರು ಒಂದು ಅಂಕಣವನ್ನು ತೊಡಗಿ, ಯಂತ್ರವನ್ನು ಬಳಸುವುದು ಕಷ್ಟವಾದರೆ ಅದು ಬಳಸುವವನ ತಪ್ಪಲ್ಲ ಎಂಬ ನಿಲುವಿನಿಂದ ಬರೆಯತೊಡಗಿದರು. ಸಾಮಾನ್ಯ ಗೃಹಸ್ಥನ ಪರವಾಗಿ ಮಾತನಾಡುವ ಬರಹಕ್ಕೆ ಅದೊಂದು ದೊಡ್ಡ ಬಲವಾಯಿತು. ಅನಂತರ ಅಂತರಜಾಲ ಹಬ್ಬಿತು, ತಂತ್ರಜ್ಞಾನದ ತಾಣಗಳು ಹುಟ್ಟಿಕೊಂಡವು. ಮೈಸೂರಿನ ಕೋಣೆಯೊಂದರಲ್ಲಿ ಕುಳಿತು ಸಮುದ್ರದಾಚೆಯ ಸಂಪಾದಕರಿಗೆ ಇಂಗ್ಲಿಷಿನಲ್ಲಿ ಬರೆದು ಹೊಟ್ಟೆ ಹೊರೆಯುವುದು ನನ್ನಂಥವನಿಗೂ ಸಾಧ್ಯವಾಯಿತು.

ಯಾವ ಸಂಸ್ಥೆಯ ಸಂಬಳಕ್ಕೂ ಸೇರದೆ ಹೀಗೆ ಬಿಡಿಯಾಗಿ ಬರೆಯುವವನನ್ನು ‘ಫ್ರೀಲಾನ್ಸ್’ ಬರಹಗಾರ ಎನ್ನುತ್ತಾರೆ. ‘ಲಾನ್ಸ್’ ಎಂದರೆ ಭರ್ಜಿ. 1819ರ ಕೊನೆಯಲ್ಲಿ ಹೊರಬಂದ ಸರ್ ವಾಲ್ಟರ್ ಸ್ಕಾಟನ ‘ಐವನ್‌ಹೋ’ ಕಾದಂಬರಿಯಿಂದ ಈ ಮಾತು ಪ್ರಚಾರಕ್ಕೆ ಬಂದಿತು. ಯಾವ ದೊರೆಗೂ ಕಟ್ಟುಬೀಳದೆ, ಹಣ ಕೊಟ್ಟವನ ಪರವಾಗಿ ಭರ್ಜಿ ಹಿಡಿಯುವ ಯೋಧರಿಗೆ ಅಲ್ಲಿ ಆ ಹೆಸರು. ಇಂದು ಭರ್ಜಿಯ ಸ್ಥಾನಕ್ಕೆ ಲೇಖನಿ ಬಂದಿದೆ. ಆದರೆ ಅದು ಯಾರ ಪರವಾಗಿ ಎತ್ತಿದ್ದು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಈ ಪ್ರಶ್ನೆ ಸುಲಭದ್ದಲ್ಲ. ಎಂಟು ನೂರು ಪದ, ಮೂರು ದಿನದ ಗಡುವು, ಲೇಖನಕ್ಕೆ ಇಂತಿಷ್ಟು ಎಂದು ಸಂಪಾದಕರು ಗೊತ್ತುಮಾಡುತ್ತಾರೆ. ತಂತ್ರಾಂಶವನ್ನು ಮೂರು ದಿನವೂ ಬಳಸಿ ನೋಡಿದರೂ ಅಷ್ಟೇ ಸಂಭಾವನೆ, ಅರ್ಧ ಗಂಟೆ ನೋಡಿದರೂ ಅಷ್ಟೇ. ಇನ್ನು, ತಾಣಕ್ಕೆ ಓದುಗನು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಜಾಹೀರಾತಿನಿಂದ ಒಂದಷ್ಟು ಆದಾಯ. ಲೇಖನದೊಳಗಿನ ಕೊಂಡಿಯನ್ನು ಒತ್ತಿ ಓದುಗನು ತಂತ್ರಾಂಶವನ್ನು ಕೊಂಡರೆ ಅದರಿಂದ ಒಂದಷ್ಟು ದಲಾಲಿ. ಮಡಕೆ ಬಾರಿಸುವ ಬೆರಳಿಗೆ ಕುಂಬಾರನೇ ಉಂಗುರ ತೊಡಿಸಿದಂತೆ.

ಇದಕ್ಕೆ ಪರಿಹಾರಗಳನ್ನು ಹುಡುಕದೆ ಇಲ್ಲ. ಅಮೆರಿಕದಲ್ಲಿ 1936ರಲ್ಲಿ ಆರಂಭವಾದ, ಇಂದು ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂಬ ಹೆಸರಿನ ಸಂಸ್ಥೆ, ಪರೀಕ್ಷಿಸುವ ವಸ್ತುಗಳನ್ನು ತಾನೇ ಹಣ ಕೊಟ್ಟು ಕೊಳ್ಳುತ್ತದೆ. ತನ್ನ ಪತ್ರಿಕೆಗೆ ಜಾಹೀರಾತು ಸ್ವೀಕರಿಸುವುದಿಲ್ಲ. ತಯಾರಕರಿಂದ ಹಣವನ್ನಾಗಲಿ ವಸ್ತುವನ್ನಾಗಲಿ ಪಡೆದು ಹೊಗಳುವವರು ಅದನ್ನು ಬಹಿರಂಗವಾಗಿ ಹೇಳಬೇಕೆಂಬ ಮಾತನ್ನು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಅಂತರಜಾಲದ ಬರಹಗಾರರಿಗೂ ಸ್ಪಷ್ಟಪಡಿಸಿತು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 2022ರ ಜೂನ್ ತಿಂಗಳಲ್ಲಿ ಇಂಥ ಸಂಬಂಧಗಳನ್ನು ಮುಚ್ಚಿಡಬಾರದೆಂದು ನಿಯಮ ಮಾಡಿತು. ಇವೆಲ್ಲ ಒಳ್ಳೆಯವೇ. ಆದರೆ ಕೇಳುಗರೆ, ಪಡೆದದ್ದನ್ನು ಹೇಳು ಎಂದು ಕಾನೂನು ವಿಧಿಸಬಹುದು. ಮಾಡದೆ ಬಿಟ್ಟದ್ದನ್ನು ಹೇಳು ಎಂದು ವಿಧಿಸುವವರು ಯಾರು? ಈ ಮಾತನ್ನು ನಾನು ನನ್ನ ತಪ್ಪಿನಿಂದ ಕಲಿತೆ.

ಕೆಲವು ವರ್ಷಗಳ ಹಿಂದೆ, ಕಡತಗಳ ಪ್ರತಿ ತೆಗೆದು ಭದ್ರವಾಗಿಡುವ ಒಂದು ತಂತ್ರಾಂಶವನ್ನು ಕುರಿತು ಬರೆದೆ. ಚೊಕ್ಕವಾಗಿತ್ತು, ವೇಗವಾಗಿತ್ತು. ಹತ್ತಾರು ಕಡತಗಳನ್ನು ಅದಕ್ಕೆ ಒಪ್ಪಿಸಿದೆ. ಕೆಲಸ ಮುಗಿಯಿತೆಂದು ಹಸಿರು ಗುರುತು ತೋರಿಸಿತು. ಒಪ್ಪಿಸಿದ್ದನ್ನು ಮರಳಿ ಪಡೆದು ನೋಡಲಿಲ್ಲ. ಗಡುವು ಹತ್ತಿರವಾಗಿತ್ತು. ನಂಬಬಹುದಾದದ್ದು ಎಂದು ಬರೆದು ಕಳುಹಿಸಿದೆ. ಯಾರಿಂದಲೂ ಒಂದು ಕಾಸನ್ನು ಹೆಚ್ಚಿಗೆ ಪಡೆದಿರಲಿಲ್ಲ. ಮುಚ್ಚಿಡತಕ್ಕ ಸಂಬಂಧವೂ ಇರಲಿಲ್ಲ.

ಆರು ತಿಂಗಳ ಮೇಲೆ ಒಂದು ಪತ್ರ ಬಂದಿತು. ಅಮೆರಿಕದಲ್ಲಿ ನೆಲೆಸಿದ್ದ ಕನ್ನಡಿಗರೊಬ್ಬರು ಬರೆದಿದ್ದರು. ಊರಿಗೆ ಬಂದಾಗಲೆಲ್ಲ ತಮ್ಮ ತಾಯಿ ಹೇಳುತ್ತಿದ್ದ ಹಸೆಯ ಹಾಡು, ಆರತಿಯ ಹಾಡುಗಳನ್ನು ಅವರು ಧ್ವನಿಮುದ್ರಿಸಿಕೊಂಡಿದ್ದರು. ತಾಯಿ ತೀರಿಕೊಂಡಿದ್ದರು. ಹಳೆಯ ಯಂತ್ರವನ್ನು ವಿಲೇವಾರಿ ಮಾಡುವ ಮುನ್ನ ಎಲ್ಲವನ್ನೂ ಆ ತಂತ್ರಾಂಶಕ್ಕೆ ಒಪ್ಪಿಸಿದರು. ಹೊಸ ಯಂತ್ರದಲ್ಲಿ ತೆರೆದು ನೋಡಿದರೆ, ಇಂಗ್ಲಿಷ್ ಹೆಸರಿನ ಕಡತಗಳೆಲ್ಲ ಇದ್ದವು. ಕನ್ನಡದಲ್ಲಿ ಹೆಸರಿಟ್ಟ ಒಂದೂ ಇರಲಿಲ್ಲ. ಅಕ್ಷರಗಳನ್ನು ಗುರುತಿಸಲಾರದೆ ತಂತ್ರಾಂಶವು ಅವನ್ನು ಬಿಟ್ಟು ಮುಂದೆ ಸಾಗಿತ್ತು. ಕೊನೆಯಲ್ಲಿ ಅವರಿಗೂ ಅದೇ ಹಸಿರು ಗುರುತು ತೋರಿಸಿತ್ತು.

ಪತ್ರದಲ್ಲಿ ಕೋಪವಿರಲಿಲ್ಲ. ಒಂದು ಸಾಲು ಮಾತ್ರ ನನ್ನನ್ನು ಇಂದಿಗೂ ಬಿಟ್ಟಿಲ್ಲ: “ಲೇಖನದ ಕೆಳಗೆ ತಮ್ಮ ಹೆಸರು ಕಂಡು ನಮ್ಮ ಕಡೆಯವರೆಂದು ತಿಳಿದೆ, ಕನ್ನಡದ ಕಡತವನ್ನೂ ನೋಡಿಯೇ ಬರೆದಿರುತ್ತೀರೆಂದು ನಂಬಿದೆ.”

ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ತರಲು ಹೊರಟ ಯೂನಿಕೋಡ್ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಸ್ಥಾನ ದೊರೆತಿತ್ತು. ಯಂತ್ರದೊಳಗೆ ನಮ್ಮ ಅಕ್ಷರಕ್ಕೆ ಹಕ್ಕಿನ ಜಾಗವಿದ್ದೂ ಆ ತಂತ್ರಾಂಶ ಮಾಡಿದವರು ಅದನ್ನು ಗಮನಿಸಿರಲಿಲ್ಲ. ಅವರಿಗೆ ಕನ್ನಡ ಗೊತ್ತಿರಲಿಲ್ಲ ಎನ್ನಬಹುದು. ನನಗೆ ಗೊತ್ತಿತ್ತಲ್ಲ!

ಸಂಪಾದಕರಿಗೆ ನಡೆದದ್ದನ್ನು ತಿಳಿಸಿದೆ. ಹಳೆಯ ಲೇಖನ, ಈಗ ಯಾರು ನೋಡುತ್ತಾರೆ ಎಂದರು. ಮತ್ತೆ ಬರೆದೆ. ಕೊನೆಗೆ ಲೇಖನದ ತಲೆಯ ಮೇಲೆ ಎರಡು ಸಾಲಿನ ತಿದ್ದುಪಡಿ ಬಂದಿತು. ತಯಾರಕರಿಗೂ ಬರೆದೆ, ಮುಂದಿನ ಒಂದು ಆವೃತ್ತಿಯಲ್ಲಿ ದೋಷ ಸರಿಹೋಯಿತು. ಹಾಡುಗಳು ಮರಳಲಿಲ್ಲ.

ನಮ್ಮ ಬರಹ ಅಲ್ಪಾಯುಷಿ. ಗೂಗಲ್ ರೀಡರ್ ಎಂಬ ಸೌಲಭ್ಯವನ್ನು ಬಳಸುವ ಬಗೆಯನ್ನು ಎಷ್ಟೋ ಮಂದಿ ಎಷ್ಟೋ ಪರಿಯಲ್ಲಿ ವಿವರಿಸಿದ್ದರು. 2013ರ ಜುಲೈ 1ರಂದು ಅದು ಮುಚ್ಚಿತು. ಆ ವಿವರಣೆಗಳೆಲ್ಲ ಹಳೆಯ ಪಂಚಾಂಗವಾದವು. ಈಗ ಬರೆಯುವ ಯಂತ್ರಗಳೂ ಬಂದಿವೆ. ಸಿನೆಟ್ ಎಂಬ ಹೆಸರಾಂತ ತಾಣ ಹೀಗೆ ಯಂತ್ರದಿಂದ ಬರೆಸಿದ್ದ ಹಣಕಾಸಿನ 77 ಲೇಖನಗಳಲ್ಲಿ 41ಕ್ಕೆ ತಿದ್ದುಪಡಿ ಬೇಕಾಯಿತೆಂಬುದು 2023ರ ಜನವರಿಯಲ್ಲಿ ಹೊರಬಿದ್ದಿತು. ಇದನ್ನು ಕೇಳಿ ನನ್ನ ಸಹೋದ್ಯೋಗಿಗಳು ಕೆಲವರು ನಕ್ಕರು. ನನಗೆ ನಗಲಾಗಲಿಲ್ಲ. ಬಳಸಿ ನೋಡದೆ ನಯವಾಗಿ ಬರೆಯುವುದನ್ನು ಯಂತ್ರಕ್ಕಿಂತ ಮೊದಲು ನಾನೇ ಮಾಡಿದ್ದೆ. ಮಡಕೆಯನ್ನು ಮುಟ್ಟದೆ ನಾದವನ್ನು ವರ್ಣಿಸುವವರು ನಾವಾದರೆ, ಆ ಕೆಲಸವನ್ನು ಯಂತ್ರ ಇನ್ನೂ ಅಗ್ಗವಾಗಿ ಮಾಡಿಕೊಟ್ಟೀತು.

ಲೇಖನಿ ಬಾಡಿಗೆಯದೇ ಇರಬಹುದು, ಅದರಲ್ಲಿ ಅವಮಾನವಿಲ್ಲ. ಬಾಡಿಗೆ ಕೊಡುವವನು ಸಂಪಾದಕ. ಆದರೆ ನಮ್ಮ ಮಾತನ್ನು ನಂಬಿ ತನ್ನ ಮನೆಯ ನಿಧಿಯನ್ನು ಒಪ್ಪಿಸುವವನು, ಎಂದೂ ಮುಖ ಕಾಣದ ಓದುಗ. ಋಣವಿರುವುದು ಅವನಿಗೆ.

ಇಂದು ನನ್ನ ಯಂತ್ರದಲ್ಲಿ ಒಂದು ಪುಟ್ಟ ಕಡತವಿದೆ. ಅದರಲ್ಲಿರುವುದು ನನ್ನ ತಾಯಿ ಹೇಳಿದ ಒಂದು ಹಾಡು. ಅದರ ಹೆಸರು ‘ಅಮ್ಮ’, ಕನ್ನಡದಲ್ಲಿ. ಯಾವ ಹೊಸ ತಂತ್ರಾಂಶ ಬಂದರೂ ಮೊದಲು ಆ ಕಡತದ ಒಂದು ಪ್ರತಿಯನ್ನು ಅದಕ್ಕೆ ಒಪ್ಪಿಸುತ್ತೇನೆ, ಮರಳಿ ಪಡೆಯುತ್ತೇನೆ, ಕೊನೆಯವರೆಗೆ ಕೇಳುತ್ತೇನೆ. ಆಮೇಲೆ ಬರೆಯಲು ಕೂರುತ್ತೇನೆ.