ಮಗುವಿನ ಬರಹಕ್ಕೆ ಮಗುವಿನ ಅಂಕಿತ

(ಶ್ರೀಮಠದ ಮಹೋತ್ಸವದ ನಿಮಿತ್ತ ಏರ್ಪಟ್ಟ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನನಗೆ ಒಪ್ಪಿಸಿದ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ವಿಜ್ಞಾಪಿಸಿಕೊಳ್ಳುತ್ತೇನೆ. ಮಾಧ್ಯಮಿಕ ವರ್ಗಗಳಲ್ಲಿ, ಅಂದರೆ ಆರು, ಏಳು, ಎಂಟನೆಯ ಇಯತ್ತೆಗಳಲ್ಲಿ, ಮಕ್ಕಳಿಂದ ಬರೆಯಿಸುವ ನಿಬಂಧಗಳೂ ಮಾಡಿಸುವ ಸ್ವತಂತ್ರ ಕೃತಿಗಳೂ ಹೇಗಿರಬೇಕೆಂಬದೇ ಆ ವಿಷಯವು. ಮಹೋತ್ಸವದ ಸಂಭ್ರಮದಲ್ಲಿ ಇದು ಸಣ್ಣ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಶ್ರೀಮಠವು ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನೂ ವ್ರತವಾಗಿ ಕೈಕೊಂಡಿರುವದರಿಂದ, ಆ ಜ್ಞಾನವು ಮಗುವಿನ ಕೈಯಲ್ಲಿ ಯಾವ ರೂಪವನ್ನು ತಾಳುತ್ತಿದೆಯೆಂದು ವಿಚಾರಿಸುವದು ಶ್ರೀಮಠದ ಭಕ್ತರೆಲ್ಲರ ಕರ್ತವ್ಯವಾಗಿದೆ.

ಹನ್ನೊಂದರಿಂದ ಹದಿನಾಲ್ಕು ವರ್ಷಗಳವರೆಗಿನ ಕಾಲವು ಬರವಣಿಗೆಗೆ ಹದವಾದ ಕಾಲವು. ಅಕ್ಷರವು ಕೈಗೆ ಹತ್ತಿರುತ್ತದೆ. ದೊಡ್ಡ ಪರೀಕ್ಷೆಯ ಭಾರವು ಇನ್ನೂ ಹೆಗಲೇರಿರುವದಿಲ್ಲ. ಕಂಡದ್ದನ್ನೆಲ್ಲ ಕೇಳುವ ಸ್ವಭಾವವು ಇನ್ನೂ ಆರಿರುವದಿಲ್ಲ. ಇಂಥ ಹದದ ನೆಲದಲ್ಲಿ ನಾವು ಬಿತ್ತುತ್ತಿರುವದೇನು? ‘ನೀರಿನ ಮಹತ್ವ’, ‘ನನ್ನ ಮೆಚ್ಚಿನ ಹಬ್ಬ’, ‘ಸಮಯಪಾಲನೆ’ ಎಂಬ ನಿಬಂಧಗಳನ್ನು ಹಲಗೆಯ ಮೇಲೆ ಬರೆದುಹಾಕುವದು, ಇಲ್ಲವೆ ಮಾರ್ಗದರ್ಶಿ ಪುಸ್ತಕದಿಂದ ಎತ್ತಿಕೊಡುವದು, ನಲವತ್ತು ಮಕ್ಕಳು ಅದನ್ನೇ ನಲವತ್ತು ವಹಿಗಳಲ್ಲಿ ಇಳಿಸುವದು. ಮಕ್ಕಳು ಪ್ರಾಜೆಕ್ಟೆಂದು ಕರೆಯುವ ಕೃತಿಗಳ ಗತಿಯೂ ಇದೇ ಆಗಿದೆ. ಥರ್ಮೊಕೋಲಿನ ಮಾದರಿಯನ್ನು ಪೇಟೆಯ ಅಂಗಡಿಯಿಂದ ತರುವದು, ಅಚ್ಚು ಹಾಕಿದ ಚಿತ್ರಗಳನ್ನು ಅಂಟಿಸುವದು, ಮೇಲೆ ತಂದೆಯೋ ಅಣ್ಣನೋ ಅಂದವಾಗಿ ಹೆಸರು ಬರೆದುಕೊಡುವದು. ಈಚೆಗಂತೂ ಯಂತ್ರವನ್ನು ಕೇಳಿದರೆ ನಿಮಿಷಾರ್ಧದಲ್ಲಿ ಬೇಕಾದ ವಿಷಯದ ಮೇಲೆ ಬೇಕಾದಷ್ಟು ಉದ್ದದ ನಿಬಂಧವು ಸಿದ್ಧವಾಗಿ ಬರುವದು. ಬರಹವು ಶುದ್ಧವಾಗಿದೆ, ಅಂಕಗಳೂ ದೊರೆಯುತ್ತವೆ. ಆದರೆ ಅದರಲ್ಲಿ ಆ ಮಗುವು ಎಲ್ಲಿಯೂ ಇಲ್ಲ.

ಇಲ್ಲಿ ಹಿರಿಯರು ಒಂದು ಆಕ್ಷೇಪವನ್ನು ತೆಗೆಯಬಹುದು. ‘ಶಾಸ್ತ್ರಿಗಳೇ, ನೀವೇ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ, ಶಬ್ದಮಣಿದರ್ಪಣದ ಸೂತ್ರಗಳನ್ನು ಉರುಹೊಡೆದು ಬೆಳೆದವರು. ಈಗ ಮಕ್ಕಳಿಗೆ ಸ್ವತಂತ್ರ ಬರಹವನ್ನು ಹೇಗೆ ಬೋಧಿಸುತ್ತೀರಿ?’ ಎಂದು ಕೇಳಬಹುದು. ಬಾಯಿಪಾಠವನ್ನು ನಾನು ಹಳಿಯುವದಿಲ್ಲ. ಅದು ಹಗೇವಿನಲ್ಲಿ ಕಾಳು ತುಂಬಿಡುವ ಕೆಲಸ. ಕಾಳಿಲ್ಲದ ಮನೆಯಲ್ಲಿ ಬೀಸುಗಲ್ಲು ತಿರುಗಿಸಿ ಫಲವೇನು? ಆದರೆ ಹಗೇವು ತುಂಬಿದ ಮಾತ್ರಕ್ಕೆ ರೊಟ್ಟಿಯಾಗುವದಿಲ್ಲ. ನೆನಪಿನಲ್ಲಿಟ್ಟದ್ದನ್ನು ತನ್ನ ಬಾಳಿನೊಡನೆ ಬೀಸಿ, ನಾದಿ, ಬೇಯಿಸುವ ಕೆಲಸಕ್ಕೇ ಬರವಣಿಗೆಯೆಂದು ಹೆಸರು.

ನಕಲಿನ ವಿಷಯವಾಗಿಯೂ ಹೀಗೆಯೇ ತಿಳಿಯಬೇಕು. ನಮ್ಮ ಮಠಗಳ ಓಲೆಗರಿಗಳೆಲ್ಲ ನಕಲಿನಿಂದಲೇ ಉಳಿದವು. ಲಿಪಿಕಾರನು ಕಂಠವನ್ನು ಹಿಡಿದು ಗರಿಗಳನ್ನು ಕೊರೆದು, ಕೊನೆಯಲ್ಲಿ ಎಷ್ಟೋ ಸಲ ತನ್ನ ಹೆಸರನ್ನೂ ಬರೆದ ಕಾಲವನ್ನೂ ಹೇಳಿ, ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಬಲ್ಲವರನ್ನು ಬೇಡಿಕೊಳ್ಳುತ್ತಿದ್ದನು. ಕೃತಿಯು ಯಾರದು, ಕೈಬರಹ ಯಾರದು ಎಂಬ ಭೇದವು ಅವನಿಗೆ ಚೆನ್ನಾಗಿ ತಿಳಿದಿತ್ತು. ನಕಲು ಮಾಡುವದರಲ್ಲಿ ದೋಷವಿಲ್ಲ; ನಕಲು ಮಾಡಿ ತನ್ನದೆನ್ನುವದರಲ್ಲಿ ದೋಷವಿದೆ. ಆರನೆಯ ಇಯತ್ತೆಯ ಹುಡುಗನು ಪುಸ್ತಕದಿಂದ ಒಂದು ವಾಕ್ಯವನ್ನು ಎತ್ತಿಕೊಂಡರೆ, ‘ಇದು ಇಂಥ ಪುಸ್ತಕದಿಂದ ತೆಗೆದುಕೊಂಡದ್ದು’ ಎಂದು ಕೆಳಗೆ ಬರೆಯಲು ಕಲಿಸಬೇಕು. ಸತ್ಯಶುದ್ಧ ಕಾಯಕವೆಂದು ನಾವು ಹೇಳುವದು ಲೇಖನಿಗೂ ಅನ್ವಯಿಸುತ್ತದೆ.

ಇನ್ನು ಸ್ವಂತ ಬರಹದ ಮಾತು. ಇದರ ಮಾದರಿಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ೧೨ನೆಯ ಶತಮಾನದ ಶರಣರು ತಮ್ಮ ತಮ್ಮ ಮಾತಿಗೆ ತಮ್ಮ ತಮ್ಮ ಅಂಕಿತವನ್ನು ಇಟ್ಟರು. ಬಸವಣ್ಣನವರು ಕೂಡಲಸಂಗಮದೇವನೆಂದರು, ಅಲ್ಲಮಪ್ರಭುಗಳು ಗುಹೇಶ್ವರನೆಂದರು, ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನೆಂದರು. ಹಗ್ಗ ಹೊಸೆದ ನುಲಿಯ ಚಂದಯ್ಯನವರಿಗೂ, ಬಿದಿರು ಸೀಳಿದ ಮೇದಾರ ಕೇತಯ್ಯನವರಿಗೂ, ಅಕ್ಕಿ ಆಯ್ದ ದಂಪತಿಗಳಲ್ಲಿ ಲಕ್ಕಮ್ಮನವರಿಗೂ ಬೇರೆ ಬೇರೆ ಅಂಕಿತಗಳಿದ್ದವು. ದೋಣಿ ನಡೆಸಿದ ಚೌಡಯ್ಯನವರು ತಮ್ಮ ಕಾಯಕದೊಡನೆ ಕೂಡಿದ ಸ್ವಂತ ಹೆಸರನ್ನೇ ಅಂಕಿತವಾಗಿಟ್ಟುಕೊಂಡರು. ಅವರ ಮಾತಿನಲ್ಲಿ ಹೊಳೆಯೂ ದೋಣಿಯೂ ಬಂದವು. ಹಗ್ಗ ಹೊಸೆದವರ ಮಾತಿನಲ್ಲಿ ಹಗ್ಗವು ಬಂದಿತು. ಅವರಲ್ಲಿ ಯಾರೂ ಪಂಡಿತರ ಮಾತನ್ನು ಎರವಲು ತಂದು ಮಂಟಪದಲ್ಲಿ ಒಪ್ಪಿಸಲಿಲ್ಲ. ಮುಂದೆ ಶತಮಾನಗಳು ಕಳೆದು ಓಲೆಗರಿಗಳು ಮನೆಮನೆಗಳ ಜಂತಿಗಳಲ್ಲಿಯೂ ಮಠಗಳ ಕಟ್ಟುಗಳಲ್ಲಿಯೂ ಚದರಿಹೋಗಿರಲು, ವಿಜಯಪುರದ ಫ.ಗು. ಹಳಕಟ್ಟಿಯವರು ಅವನ್ನು ಕೂಡಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಯಾವ ಮಾತು ಯಾವ ಶರಣರದೆಂದು ಗುರುತಿಸುವದಕ್ಕೆ ಅಂದು ಮುಖ್ಯವಾಗಿ ನೆರವಾದದ್ದು ಆ ಅಂಕಿತವೇ. ಅಂಕಿತವೆಂದರೆ ‘ಈ ಮಾತಿಗೆ ನಾನು ಹೊಣೆ’ ಎಂಬ ಒಪ್ಪಿಗೆಯು. ಮಗುವಿನ ಬರಹದಲ್ಲಿ ನಾವು ಬಯಸಬೇಕಾದದ್ದೂ ಅದೇ.

ಪರದೇಶಗಳಲ್ಲಿಯೂ ನಮ್ಮ ದೇಶದ ಇತರ ಪ್ರಾಂತಗಳಲ್ಲಿಯೂ ಬಲ್ಲವರು ಇದನ್ನು ಮನಗಂಡಿದ್ದಾರೆ. ಫ್ರಾನ್ಸ್ ದೇಶದ ಹಳ್ಳಿಯ ಶಿಕ್ಷಕರಾದ ಸೆಲೆಸ್ತಾಂ ಫ್ರೆನೆ ಎಂಬವರು ೧೯೨೪ರಲ್ಲಿ ತಮ್ಮ ವರ್ಗಕ್ಕೆ ಒಂದು ಸಣ್ಣ ಮುದ್ರಣಯಂತ್ರವನ್ನು ತಂದು, ಮಕ್ಕಳು ತಿರುಗಾಡಿ ಕಂಡು ಬರೆದದ್ದನ್ನು ಮಕ್ಕಳಿಂದಲೇ ಮೊಳೆ ಜೋಡಿಸಿ ಅಚ್ಚು ಹಾಕಿಸಿದರು. ಗುಜರಾತದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು (೧೮೮೫–೧೯೩೯) ಕಥೆ, ಆಟ, ತಿರುಗಾಟಗಳಿಂದ ಕಲಿಸುವ ಬಗೆಯನ್ನು ತೋರಿಸಿದರು. ೧೯೩೭ರ ವರ್ಧಾ ಪರಿಷತ್ತಿನಲ್ಲಿ ಮಹಾತ್ಮಾ ಗಾಂಧಿಯವರು ಕೈಕಸಬನ್ನು ಶಿಕ್ಷಣದ ನಡುವಿಗಿಟ್ಟರು. ಕಾಯಕದ ನಾಡಿನವರಾದ ನಮಗೆ ಇದು ಪರಕೀಯವಾದ ಮಾತಲ್ಲ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಶಾಲೆಯ ಜ್ಞಾನವನ್ನು ಹೊರಗಿನ ಬಾಳಿಗೆ ಜೋಡಿಸಬೇಕೆಂದಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ಮೂರು ಇಯತ್ತೆಗಳನ್ನೇ ಪ್ರತ್ಯೇಕ ಹಂತವೆಂದೆಣಿಸಿ, ಅನುಭವದಿಂದ ಕಲಿಯುವದನ್ನು ಎತ್ತಿ ಹೇಳಿತು. ತತ್ತ್ವಕ್ಕೆ ಕೊರತೆಯಿಲ್ಲ, ಆಚರಣೆಯು ಬೇಕಾಗಿದೆ.

ಆ ಆಚರಣೆಯ ಕ್ರಮವನ್ನು ಮೂರು ಮೆಟ್ಟಿಲುಗಳಲ್ಲಿ ನಿರೂಪಿಸುತ್ತೇನೆ. ಆರನೆಯ ಇಯತ್ತೆಯಲ್ಲಿ ಮಗುವು ನೋಡಿ ಬರೆಯಲಿ. ‘ಮಳೆಗಾಲ’ ಎಂಬ ವಿಷಯವನ್ನು ಕೊಡದೆ, ‘ನಿನ್ನೆಯ ಮಳೆಯಲ್ಲಿ ನಿಮ್ಮ ಓಣಿಯ ನೀರು ಯಾವ ಕಡೆಗೆ ಹರಿಯಿತು?’ ಎಂದು ಕೇಳಬೇಕು. ‘ಮರಗಳ ಉಪಯೋಗ’ವನ್ನು ಕೊಡದೆ, ಶಾಲೆಯ ಅಂಗಳದ ಒಂದೇ ಬೇವಿನ ಮರವನ್ನು ವಾರಕ್ಕೊಮ್ಮೆ ನೋಡಿ, ಚಿಗುರು ಯಾವಾಗ ಬಂದಿತು, ಹೂವು ಯಾವಾಗ ಉದುರಿತು ಎಂದು ದಿನಾಂಕ ಹಾಕಿ ಬರೆಯಿಸಬೇಕು. ಹತ್ತು ಸಾಲು ಸಾಕು. ಆ ಹತ್ತೂ ಅವನವೇ ಆಗಿರಬೇಕು.

ಏಳನೆಯ ಇಯತ್ತೆಯಲ್ಲಿ ಕೇಳಿ ಬರೆಯಲಿ. ಪ್ರತಿಯೊಂದು ಮನೆಯಲ್ಲಿಯೂ ಒಂದು ಕಸಬಿನ ಮಾತಿದೆ. ಒಕ್ಕಲುತನದ ಮನೆಯಲ್ಲಿ ರಂಟಿ, ಕುಂಟಿ, ಕೂರಿಗಿಗಳಿವೆ. ನೇಕಾರರ ಮನೆಯಲ್ಲಿ ಹಾಸು, ಹೊಕ್ಕು, ಲಾಳಿಗಳಿವೆ. ಕುಂಬಾರರ ಮನೆಯಲ್ಲಿ ತಿಗರಿ, ಆವಿಗೆಗಳಿವೆ. ಮಕ್ಕಳು ಹಿರಿಯರನ್ನು ಕೇಳಿ ಈ ಶಬ್ದಗಳನ್ನು ಅರ್ಥಸಹಿತವಾಗಿ ಸಂಗ್ರಹಿಸಿದರೆ, ವರ್ಷದ ಕೊನೆಗೆ ವರ್ಗದ ಕೈಯಲ್ಲಿ ಒಂದು ಸಣ್ಣ ನಿಘಂಟು ಸಿದ್ಧವಾಗುವದು. ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರುಗಳು ಬಂದಿರುವ ಈ ಕಾಲದಲ್ಲಿ ಅಜ್ಜನೊಡನೆಯೇ ಮಾಯವಾಗುವ ಎಷ್ಟೋ ಶಬ್ದಗಳನ್ನು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಉಳಿಸಬಲ್ಲಳು. ಅಂಗಡಿಯಿಂದ ತಂದ ಮಾದರಿಗೂ ಈ ವಹಿಗೂ ಇರುವ ಅಂತರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎಂಟನೆಯ ಇಯತ್ತೆಯಲ್ಲಿ ತೂಗಿ ಬರೆಯಲಿ. ಊರಿನ ಬಾವಿಗಳೆಷ್ಟು, ಅವುಗಳಲ್ಲಿ ನೀರಿರುವವೆಷ್ಟು, ಹಾಳಾದವು ಏಕೆ ಹಾಳಾದವು ಎಂದು ನಾಲ್ಕು ಮಕ್ಕಳು ಕೂಡಿ ನಕಾಶೆ ತೆಗೆದು ವರದಿ ಬರೆಯಬಹುದು. ಗುಡಿಯ ಮುಂದಿನ ಶಾಸನದ ಕಲ್ಲನ್ನು ಬಲ್ಲವರಿಂದ ಓದಿಸಿಕೊಂಡು ಅದರ ತಾತ್ಪರ್ಯವನ್ನು ಬರೆಯಬಹುದು. ಶ್ರೀಮಠದ ದಾಸೋಹದ ಒಂದು ದಿನದ ಜೋಳ, ಅಕ್ಕಿ, ಬೇಳೆ, ಕಟ್ಟಿಗೆಗಳ ಲೆಕ್ಕವನ್ನು ಉಗ್ರಾಣದವರಿಂದ ಪಡೆದು, ಒಬ್ಬ ವಿದ್ಯಾರ್ಥಿಯ ಪಾಲಿಗೆ ಎಷ್ಟು ಬಿದ್ದಿತು, ಅದು ಎಷ್ಟು ಹೊಲಗಳಿಂದ ಬಂದಿತು ಎಂದು ಲೆಕ್ಕ ಹಾಕಬಹುದು. ಇದರಲ್ಲಿ ಗಣಿತವೂ ಇದೆ, ಭೂಗೋಲವೂ ಇದೆ. ತಾನು ಉಣ್ಣುವ ಪ್ರಸಾದದ ಹಿಂದೆ ಎಷ್ಟು ಭಕ್ತರ ಬೆವರಿದೆಯೆಂಬ ಅರಿವೂ ಇದೆ.

ವಿಷಯವನ್ನು ಕೊಡುವ ರೀತಿಯಿಂದ ಎಷ್ಟು ವ್ಯತ್ಯಾಸವಾಗುತ್ತದೆಂಬದಕ್ಕೆ ಒಂದು ನಿದರ್ಶನವನ್ನು ಹೇಳುತ್ತೇನೆ. ನಮ್ಮ ಕಡೆಯ ಒಂದು ಶಾಲೆಯಲ್ಲಿ ‘ನೀರಿನ ಮಹತ್ವ’ದ ಬದಲು ‘ನಮ್ಮ ಮನೆಗೆ ನೀರು ಬರುವ ಬಗೆ’ ಎಂಬ ವಿಷಯವನ್ನು ಏಳನೆಯ ಇಯತ್ತೆಗೆ ಕೊಟ್ಟರು. ಒಬ್ಬ ಹುಡುಗಿಯು ಒಂದೂವರೆ ಪುಟ ಬರೆದಳು. ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ, ಬರುವ ವೇಳೆಯು ನಿಶ್ಚಯವಿಲ್ಲ, ತಾಯಿಯು ಕೂಲಿಗೆ ಹೋಗುತ್ತಾಳೆ, ಆದಕಾರಣ ಆ ದಿನ ತಾನು ಕೊಡಗಳ ಕಾವಲಿಗೆ ಮನೆಯಲ್ಲಿ ನಿಲ್ಲುತ್ತೇನೆ ಎಂಬದು ಅದರ ಸಾರಾಂಶವು. ಆ ಹುಡುಗಿಯು ಪದೇ ಪದೇ ಶಾಲೆ ತಪ್ಪಿಸುತ್ತಾಳೆಂದು ಹಾಜರಿ ಪುಸ್ತಕದಲ್ಲಿ ಗುರುತು ಬೀಳುತ್ತಿತ್ತು, ಬೈಗುಳವೂ ಸಿಗುತ್ತಿತ್ತು. ಕಾರಣವನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ, ಬರಹವು ಹೇಳಿತು. ಆ ಬರಹದಲ್ಲಿ ಒತ್ತಕ್ಷರಗಳ ತಪ್ಪುಗಳು ಹದಿನಾಲ್ಕೋ ಹದಿನೈದೋ ಇದ್ದವು. ಮಾರ್ಗದರ್ಶಿಯ ನಿಬಂಧದಲ್ಲಿ ಒಂದೂ ಇರುತ್ತಿರಲಿಲ್ಲ. ಇವೆರಡರಲ್ಲಿ ಯಾವದಕ್ಕೆ ಹೆಚ್ಚಿನ ಅಂಕಗಳನ್ನು ಕೊಡಬೇಕೆಂಬ ಪ್ರಶ್ನೆಯನ್ನು ಸಭೆಯ ಮುಂದಿಡುತ್ತೇನೆ.

ಹಾಗಾದರೆ ತಪ್ಪುಗಳನ್ನು ತಿದ್ದಬಾರದೆ? ವ್ಯಾಕರಣವನ್ನೇ ಉಂಡು ಬೆಳೆದ ನಾನು ಹಾಗೆಂದು ಎಂದೂ ಹೇಳೆನು. ತಿದ್ದಲೇಬೇಕು, ಆದರೆ ಎರಡು ಸಲ ತಿದ್ದಬೇಕು. ಮೊದಲನೆಯ ಸಲ ವಿಷಯವನ್ನು ಮಾತ್ರ ನೋಡಿ, ಅಂಚಿನಲ್ಲಿ ಒಂದು ಪ್ರಶ್ನೆಯನ್ನು ಬರೆಯಬೇಕು: ‘ಆಗ ನಿನ್ನ ಅವ್ವ ಏನೆಂದಳು?’, ‘ಕೊಡಗಳೆಷ್ಟು?’ ಎಂದು. ಮಗುವು ಉತ್ತರವನ್ನು ಸೇರಿಸಿ ಪುನಃ ಬರೆದ ಮೇಲೆ, ಎರಡನೆಯ ಸಲ ದೀರ್ಘ, ಒತ್ತು, ಮಹಾಪ್ರಾಣ, ವಿಭಕ್ತಿಗಳನ್ನು ನೋಡಬೇಕು. ಹೇಳಬೇಕಾದ ಮಾತೊಂದು ತನ್ನಲ್ಲಿದೆಯೆಂದು ಮಗುವಿಗೆ ತಿಳಿದ ಮೇಲೆ, ಅದನ್ನು ಶುದ್ಧವಾಗಿ ಹೇಳಬೇಕೆಂಬ ಹಂಬಲವು ತಾನಾಗಿ ಹುಟ್ಟುತ್ತದೆ. ಮನೆಯಲ್ಲಿ ‘ಬಂದಾನ’, ‘ಹೊಂಟೇನಿ’ ಎನ್ನುವ ಮಗುವನ್ನೂ, ಲಂಬಾಣಿ, ಉರ್ದು, ಮರಾಠಿಗಳನ್ನಾಡುವ ಮಗುವನ್ನೂ ಮೊದಲ ಸಾಲಿಗೇ ನಗೆಗೀಡು ಮಾಡಿದರೆ ಅದು ಮರಳಿ ಲೇಖನಿ ಹಿಡಿಯುವದಿಲ್ಲ. ಗ್ರಂಥಸ್ಥ ಭಾಷೆಯನ್ನು ಕಲಿಸೋಣ. ಅಜ್ಜಿಯ ಮಾತನ್ನು ಅಜ್ಜಿಯ ಬಾಯಿಂದ ಬಂದಂತೆಯೇ ಬರೆಯಗೊಡೋಣ.

ಶಿಕ್ಷಕರಿಗೆ ವೇಳೆಯೆಲ್ಲಿದೆಯೆಂದು ಕೇಳುವದು ನ್ಯಾಯವೇ. ನಲವತ್ತು ಮಕ್ಕಳ ವಹಿಗಳನ್ನು ದಿನವೂ ತಿದ್ದುವದು ಯಾರಿಂದಲೂ ಆಗದು. ವಾರಕ್ಕೆ ಹತ್ತು ವಹಿಗಳನ್ನು ಮನಸ್ಸಿಟ್ಟು ತಿದ್ದಿದರೆ ನಾಲ್ಕು ವಾರಗಳಲ್ಲಿ ನಲವತ್ತೂ ಮುಗಿಯುತ್ತವೆ. ಪ್ರತಿಯೊಂದು ಮಗುವಿಗೂ ತಿಂಗಳಿಗೊಮ್ಮೆ ತನ್ನ ಬರಹವನ್ನು ನಿಜವಾಗಿ ಓದಿದವರೊಬ್ಬರು ಸಿಗುತ್ತಾರೆ. ಅವುಗಳಲ್ಲಿ ಆಯ್ದವನ್ನು ಮಕ್ಕಳೇ ಅಂದವಾಗಿ ಬರೆದು, ಚಿತ್ರ ಬಿಡಿಸಿ, ದಾರದಿಂದ ಹೊಲಿದರೆ ಒಂದು ಹಸ್ತಲಿಖಿತ ಪತ್ರಿಕೆಯಾಗುವದು. ಇದಕ್ಕೆ ಬೇಕಾಗುವ ವೆಚ್ಚವು ಕಾಗದ ಮತ್ತು ಶಾಯಿಯಷ್ಟೇ.

ಭಕ್ತಮಹಾಶಯರಲ್ಲಿಯೂ ತಾಯಿತಂದೆಗಳಲ್ಲಿಯೂ ನನ್ನ ಬಿನ್ನಹವು ಇಷ್ಟೇ. ಮಗುವಿನ ಕೃತಿಯನ್ನು ನೀವು ಮಾಡಿಕೊಡಬೇಡಿರಿ, ಪೇಟೆಯಿಂದ ತರಬೇಡಿರಿ, ಗೆರೆ ಸೊಟ್ಟಗಾದರೆ ಸೊಟ್ಟಗಾಗಲಿ. ಮಗುವು ವಹಿಯನ್ನು ಹಿಡಿದುಕೊಂಡು ಬಂದು ‘ನಿಮ್ಮ ಕಾಲದಲ್ಲಿ ಹೇಗಿತ್ತು?’ ಎಂದು ಕೇಳಿದರೆ, ಕೈಯಲ್ಲಿಯ ಮೊಬೈಲನ್ನು ಕೆಳಗಿಟ್ಟು ಉತ್ತರ ಹೇಳಿರಿ. ನಮ್ಮ ಪ್ರಸಾದನಿಲಯಗಳಿಗೆ ಬರುವ ಮಕ್ಕಳಲ್ಲಿ ಎಷ್ಟೋ ಜನರು ತಮ್ಮ ಮನೆತನದಲ್ಲಿ ಮೊಟ್ಟಮೊದಲು ಲೇಖನಿ ಹಿಡಿದವರು. ಅವರ ಕೈಗೆ ಪರರ ವಾಕ್ಯಗಳನ್ನೇ ಕೊಡುತ್ತ ಹೋದರೆ, ತಮ್ಮ ಮನೆಯೂ ತಮ್ಮ ತಾಯಿಯ ದುಡಿಮೆಯೂ ಬರೆಯಲು ಯೋಗ್ಯವಲ್ಲವೆಂಬ ಪಾಠವನ್ನು ಅವರು ಕಲಿಯುತ್ತಾರೆ. ಬಸವಾದಿ ಶರಣರು ಅಳಿಸಿದ ಕೀಳರಿಮೆಯನ್ನು ಅವರ ಹೆಸರಿನ ಶಾಲೆಗಳಲ್ಲಿಯೇ ನಾವು ಮರಳಿ ಬಿತ್ತಿದಂತಾಗುವದು. ಇದಕ್ಕಿಂತ ದೊಡ್ಡ ಅಪಚಾರವು ಬೇರೊಂದಿಲ್ಲ.

ಕಡೆಯದಾಗಿ ಶ್ರೀಗಳವರ ಪಾದಗಳಲ್ಲಿ ಒಂದು ವಿನಂತಿಯಿದೆ. ಈ ಮಹೋತ್ಸವದ ನೆನಪಿಗಾಗಿ, ಶ್ರೀಮಠದ ಶಾಲೆಗಳ ಮಕ್ಕಳು ಬರೆಯುವ ಹಸ್ತಲಿಖಿತ ಪತ್ರಿಕೆಯ ಒಂದೊಂದು ಪ್ರತಿಯನ್ನು ವರ್ಷವರ್ಷವೂ ಗ್ರಂಥಭಾಂಡಾರದಲ್ಲಿ, ಓಲೆಗರಿಗಳ ಕಟ್ಟುಗಳ ಪಕ್ಕದಲ್ಲಿಯೇ ಇರಿಸಲು ಅಪ್ಪಣೆಯಾಗಬೇಕು. ನೂರು ವರ್ಷಗಳ ತರುವಾಯ ಯಾರಾದರೂ ಅವನ್ನು ಬಿಚ್ಚಿ ನೋಡಿದರೆ, ಈ ಊರಿನ ನೀರು, ಹೊಲ, ಮಗ್ಗ, ದಾಸೋಹಗಳ ನಿಜವಾದ ವೃತ್ತಾಂತವು ಪ್ರತಿಯೊಂದು ಪುಟದ ಕೆಳಗೆ ಒಂದೊಂದು ಮಗುವಿನ ಹೆಸರಿನೊಡನೆ ಅವರಿಗೆ ದೊರೆಯಲಿ. ಶ್ರೀಗುರುವಿನ ಕರುಣೆಯಿಂದ ನಮ್ಮ ಮಕ್ಕಳ ನುಡಿಯೂ ನಡೆಯೂ ಒಂದಾಗಲೆಂದು ಪ್ರಾರ್ಥಿಸುತ್ತೇನೆ.