ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಯಾರಿಗೆ ಸಾಕು, ಯಾರಿಗೆ ಸಾಲದು

(ವಾರ್ಷಿಕ ಮಹಾಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಅದರಲ್ಲಿ ಮೊದಲ ಎರಡು ನಿಮಿಷ ನನ್ನದೇ ತಪ್ಪಿನ ಲೆಕ್ಕ ಒಪ್ಪಿಸುವುದಕ್ಕೆ. ಹೋದ ವರ್ಷ ವಿದ್ಯಾರ್ಥಿವೇತನದ ಜೊತೆ ಲ್ಯಾಪ್‌ಟಾಪ್ ಕೊಡುವ ಮಾತು ಬಂದಾಗ, ಎಲ್ಲರಿಗೂ ಒಂದೇ ಬಗೆಯ ಕ್ರೋಮ್‌ಬುಕ್ ಕೊಳ್ಳೋಣ ಎಂದು ಸಮಿತಿಯಲ್ಲಿ ಹಟ ಹಿಡಿದವನು ನಾನು. ಒಂದು ಒಳ್ಳೆಯ ವಿಂಡೋಸ್ ಲ್ಯಾಪ್‌ಟಾಪಿನ ಹಣದಲ್ಲಿ ಇಬ್ಬರು ಮಕ್ಕಳಿಗೆ ಆಗುತ್ತದೆ ಎಂಬುದು ನನ್ನ ವಾದ. ಗಣಿತದ ಮೇಷ್ಟ್ರ ಭಾಗಾಕಾರ, ಅದರಲ್ಲಿ ತಪ್ಪಿರಲಿಲ್ಲ.

ಎರಡು ತಿಂಗಳ ಮೇಲೆ ಬಿ.ಕಾಂ. ಓದುವ ಹುಡುಗಿಯೊಬ್ಬಳು ತಂದೆಯ ಜೊತೆ ಮನೆಗೆ ಬಂದಳು. ಲ್ಯಾಪ್‌ಟಾಪ್ ಕೊಟ್ಟ ಡಬ್ಬಿಯಲ್ಲೇ ಇತ್ತು. "ಸರ್, ಇದರಲ್ಲಿ ಟ್ಯಾಲಿ ಬರಲ್ವಂತೆ. ಬೇರೆ ಯಾರಿಗಾದ್ರೂ ಉಪಯೋಗ ಆಗ್ಲಿ" ಅಂದಳು. ದಾನವಾಗಿ ಬಂದದ್ದನ್ನು ಹಿಂದೆ ಕೊಡಬಹುದೋ ಬಾರದೋ ಎಂಬ ಸಂಕೋಚದಲ್ಲಿ ಅವಳ ತಂದೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಸಂಕೋಚಪಡಬೇಕಾದವನು ನಾನಾಗಿದ್ದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕ್ರೋಮ್‌ಬುಕ್ 2011ರಿಂದ ಮಾರಾಟದಲ್ಲಿದೆ. ನೋಡಲು ಎಲ್ಲ ಲ್ಯಾಪ್‌ಟಾಪಿನ ಹಾಗೆಯೇ. ಒಳಗೆ ಮಾತ್ರ ವಿಂಡೋಸ್ ಇರುವುದಿಲ್ಲ, ಗೂಗಲ್‌ನ ಕ್ರೋಮ್‌ಓಎಸ್ ಇರುತ್ತದೆ. ಹೆಚ್ಚಿನ ಕೆಲಸವೆಲ್ಲ ಬ್ರೌಸರಿನಲ್ಲೇ ನಡೆಯುತ್ತದೆ, ಮೊಬೈಲಿನ ಹಲವು ಆ್ಯಪ್‌ಗಳೂ ಬರುತ್ತವೆ. ವಿಂಡೋಸ್‌ಗೆಂದು ಮಾಡಿದ ಸಾಫ್ಟ್‌ವೇರನ್ನು ಅದರಲ್ಲಿ ಹಾಕಲು ಬರುವುದಿಲ್ಲ. ಟ್ಯಾಲಿಯನ್ನು ಲೈಸೆನ್ಸ್ ಇಲ್ಲದೆಯೂ ಮನೆಯಲ್ಲಿ ಅಭ್ಯಾಸ ಮಾಡಲು ಎಜುಕೇಶನಲ್ ಮೋಡ್ ಇದೆ. ಆದರೆ ಅದಕ್ಕೆ ವಿಂಡೋಸ್ ಬೇಕು. ಆ ಹುಡುಗಿಗೆ ತಪ್ಪಿಹೋದದ್ದು ಅದೇ.

ಹಾಗೆಂದು ಆ ಯಂತ್ರವನ್ನು ಬೈಯಲು ನಾನು ಬಂದಿಲ್ಲ. ಅವಳು ಹಿಂತಿರುಗಿಸಿದ್ದನ್ನು ಬಿ.ಎ. ಓದುವ ಹುಡುಗನಿಗೆ ಕೊಟ್ಟೆವು. ಅಲ್ಲಿಯವರೆಗೆ ಅವನು ಅಸೈನ್‌ಮೆಂಟುಗಳನ್ನು ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಟೈಪ್ ಮಾಡುತ್ತಿದ್ದ. ಈಗ ಅವನ ಮನೆಯಲ್ಲಿ ಅದಕ್ಕೆ ಬಿಡುವೇ ಇಲ್ಲ. ಸ್ವಯಂ ಪೋರ್ಟಲ್‌ನ ಪಾಠ ಕೇಳುವುದು, ಎಸ್‌ಎಸ್‌ಪಿ, ಎನ್‌ಎಸ್‌ಪಿ ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಟಿಪ್ಪಣಿ ಬರೆಯುವುದು, ತಂಗಿಯ ಹತ್ತನೇ ತರಗತಿಯ ವಿಡಿಯೋ ನೋಡುವುದು, ಎಲ್ಲವೂ ಬ್ರೌಸರಿನ ಕೆಲಸ. ಬಟನ್ ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ತೆರೆದುಕೊಳ್ಳುತ್ತದೆ. ಬೇರೆ ಆ್ಯಂಟಿವೈರಸ್ ಕೊಳ್ಳುವ ಖರ್ಚಿಲ್ಲ. ಒಂದು ವೇಳೆ ಮಳೆಯಲ್ಲಿ ನೆನೆದು ಕೆಟ್ಟರೂ ಗೂಗಲ್ ಡ್ರೈವ್‌ನಲ್ಲಿ ಇಟ್ಟ ಬರಹ ಎಲ್ಲಿಗೂ ಹೋಗುವುದಿಲ್ಲ, ಬೇರೆ ಯಂತ್ರದಲ್ಲಿ ಲಾಗಿನ್ ಆದರೆ ಸಿಗುತ್ತದೆ. ಉಚಿತವಾಗಿ ಸಿಗುವ ಜಾಗ 15 ಜಿಬಿ. ಫೋಟೋ, ಇಮೇಲ್ ಎಲ್ಲ ಅದರಲ್ಲೇ ಸೇರಬೇಕು, ಮದುವೆ ವಿಡಿಯೋಗಳನ್ನು ಅಲ್ಲಿ ತುಂಬಬೇಡಿ. ಪಾಸ್‌ವರ್ಡನ್ನು ಮನೆಯ ಡೈರಿಯಲ್ಲಿ ಬರೆದಿಡಿ. ಮರೆತವರು ನನ್ನ ಹತ್ತಿರವೇ ಬರುತ್ತಾರೆ, ನಾನೇನೂ ಮಾಡಲಾರೆ.

ಇಂಟರ್ನೆಟ್ ಇಲ್ಲದಾಗ ಏನು ಎಂದು ಹಳ್ಳಿಯ ಪೋಷಕರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಗೂಗಲ್ ಡಾಕ್ಸ್‌ನಲ್ಲಿ ಆಫ್‌ಲೈನ್ ವ್ಯವಸ್ಥೆ ಇದೆ, ಆದರೆ ನೆಟ್ ಇರುವಾಗಲೇ ಅದನ್ನು ಆನ್ ಮಾಡಿಟ್ಟಿರಬೇಕು. ಮನೆಯೊಳಗೆ ಮೊಬೈಲಿನ ಸಿಗ್ನಲ್ಲೇ ನಿಲ್ಲದ ಊರಾದರೆ ಈ ಯಂತ್ರ ಅರ್ಧ ಯಂತ್ರ.

ಇನ್ನು ಯಾರಿಗೆ ಸಾಲದು. ಸಿವಿಲ್, ಮೆಕ್ಯಾನಿಕಲ್ ಡಿಪ್ಲೊಮಾ ಮಕ್ಕಳಿಗೆ ಪೂರ್ಣ ಆಟೋಕ್ಯಾಡ್ ಬೇಕು, ಅದು ಇದರಲ್ಲಿ ಬರುವುದಿಲ್ಲ. ಬಿಸಿಎ, ಎಂಜಿನಿಯರಿಂಗ್ ಮಕ್ಕಳು ಇದರೊಳಗಿನ ಲಿನಕ್ಸ್ ಭಾಗದಲ್ಲಿ ಸಿ, ಪೈಥಾನ್ ಕಲಿಯಬಹುದಾದರೂ, 4 ಜಿಬಿ ರ್‍ಯಾಮ್‌ನಲ್ಲಿ ಏದುಸಿರು ಬಿಡುತ್ತಾ ಕಲಿಯಬೇಕು. ಅಗ್ಗದ ಮಾದರಿಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸೋಣ ಎಂದರೆ ಆಗದು. ಕೆಲವು ಆನ್‌ಲೈನ್ ಪರೀಕ್ಷೆಗಳು ವಿಂಡೋಸ್ ಇರಲೇಬೇಕು ಎನ್ನುತ್ತವೆ. ಡಿಟಿಪಿ ಕೆಲಸ ಕಲಿಯುವವರೂ ಗಮನಿಸಿ. ಯೂನಿಕೋಡ್ ಕನ್ನಡಕ್ಕೆ ತೊಂದರೆಯಿಲ್ಲ, ಆದರೆ ನುಡಿಯ ಹಳೆಯ ಫಾಂಟಿನಲ್ಲಿ ಮಾಡಿದ ಫೈಲ್ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ.

ಅಂಗಡಿಯಲ್ಲಿ ರಿಯಾಯಿತಿ ಕಂಡು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಪ್ರತಿ ಕ್ರೋಮ್‌ಬುಕ್ ಮಾದರಿಗೂ ಅಪ್‌ಡೇಟ್ ನಿಲ್ಲುವ ದಿನ ನಿಗದಿಯಾಗಿರುತ್ತದೆ. 2021ರಿಂದ ಈಚೆಗೆ ಬಂದ ಮಾದರಿಗಳಿಗೆ 10 ವರ್ಷ ಎಂದು ಗೂಗಲ್ ಹೇಳಿದೆ. ಆದರೆ ಎಣಿಕೆ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಆ ಬಗೆಯ ಯಂತ್ರ ಮೊದಲು ಹೊರಬಂದ ದಿನದಿಂದ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಕ್ರೋಮ್‌ಓಎಸ್ ಒಳಗೆ ಹೋಗಿ ಆ ತಾರೀಖು ನೋಡಿ, ಆಮೇಲೆ ಹಣ ಕೊಡಿ. ಅದೇ 4 ಜಿಬಿಯ ಅಗ್ಗದ ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳುವುದು ಇದಕ್ಕಿಂತ ಒಳ್ಳೆಯದು ಎಂದು ನನಗೆ ಅನ್ನಿಸುವುದಿಲ್ಲ. ವಿಂಡೋಸ್ 11 ಅಷ್ಟರಲ್ಲಿ ತೆರೆದುಕೊಳ್ಳುತ್ತದೆ, ನಡೆಯುವುದು ಮಾತ್ರ ಎತ್ತಿನ ಗಾಡಿಯ ಹಾಗೆ. ವಿಂಡೋಸ್ ಬೇಕೇ ಬೇಕು ಎನ್ನುವ ಮಕ್ಕಳಿಗೆ 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇರುವ ಒಳ್ಳೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೇ ಮೇಲು. ಆ ಬಿ.ಕಾಂ. ಹುಡುಗಿಗೆ ಕೊನೆಗೆ ನಾವು ಕೊಟ್ಟದ್ದೂ ಅಂಥದ್ದೇ, ಇಲ್ಲಿ ಕೂತಿರುವ ದಾನಿಯೊಬ್ಬರ ಕಚೇರಿಯಿಂದ ಬಂದದ್ದು.

ದಾನಿಗಳಲ್ಲಿ ನನ್ನ ಬೇಡಿಕೆಯೂ ಅದೇ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಒಪ್ಪದ ಹಳೆಯ ಲ್ಯಾಪ್‌ಟಾಪ್‌ಗಳು ನಿಮ್ಮ ಅಂಗಡಿ, ಕಚೇರಿಗಳ ಬೀರುವಿನಲ್ಲಿ ಧೂಳು ತಿನ್ನುತ್ತಿರಬಹುದು. ಗುಜರಿಗೆ ಹಾಕಬೇಡಿ. ಕ್ರೋಮ್‌ಓಎಸ್ ಫ್ಲೆಕ್ಸ್ ಎಂಬುದನ್ನು ಗೂಗಲ್ ಉಚಿತವಾಗಿ ಕೊಡುತ್ತದೆ, ಅಂಥ ಹಲವು ಯಂತ್ರಗಳ ಮೇಲೆ ಅದನ್ನು ಹಾಕಬಹುದು. ಮೊಬೈಲ್ ಆ್ಯಪ್‌ಗಳು ಅದರಲ್ಲಿ ಬರುವುದಿಲ್ಲ, ಬ್ರೌಸರಿನ ಕೆಲಸಕ್ಕೆ ಧಾರಾಳ ಸಾಕು. ಕೊಡುವ ಮೊದಲು ನಿಮ್ಮ ವ್ಯಾಪಾರದ ಲೆಕ್ಕಪತ್ರಗಳನ್ನು ಪೂರ್ತಿ ಅಳಿಸಿ ಕೊಡಿ.

ಪೋಷಕರೇ, ಈ ವರ್ಷದ ಅರ್ಜಿಯಲ್ಲಿ ಒಂದು ಹೊಸ ಕಾಲಂ ಇದೆ: ಮಗು ಓದುವ ಕೋರ್ಸಿಗೆ ಯಾವ ಸಾಫ್ಟ್‌ವೇರ್ ಬೇಕು ಎಂದು. ಅದನ್ನು ಖಾಲಿ ಬಿಡಬೇಡಿ, ಊಹಿಸಿಯೂ ಬರೆಯಬೇಡಿ. ಕಾಲೇಜಿನ ಮೇಷ್ಟ್ರನ್ನು ಕೇಳಿ, ಸಿಲಬಸ್ಸಿನ ಆ ಪುಟದ ಜೆರಾಕ್ಸ್ ಲಗತ್ತಿಸಿ. ಜೊತೆಗೆ ನಿಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುತ್ತದೋ ಇಲ್ಲವೋ ಅದನ್ನೂ ಬರೆಯಿರಿ. ಈ ಸಲ ಅರ್ಜಿಗಳನ್ನೆಲ್ಲ ಓದಿ ಮುಗಿಸುವವರೆಗೆ ಒಂದು ಲ್ಯಾಪ್‌ಟಾಪನ್ನೂ ಕೊಳ್ಳುವುದಿಲ್ಲ ಎಂದು ಸಮಿತಿ ಒಪ್ಪಿದೆ.