ದೂರದ ಹಕ್ಕಿ, ಹತ್ತಿರದ ಕೆಸರು

(ಬೈರಿದೇವರಕೊಪ್ಪದಲ್ಲಿ ಪರಿಸರಾಸಕ್ತರ ಸಭೆಯೊಂದರಲ್ಲಿ ಮಂಡಿಸಿದ ಉಪನ್ಯಾಸದ ಪಠ್ಯ)



ಅಪರೂಪದ ಹಕ್ಕಿಯೊಂದರ ದರ್ಶನಕ್ಕಾಗಿ ಕಡಲು ದಾಟುವ ಪಕ್ಷಿವೀಕ್ಷಕರು ಇಂದು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರಲ್ಲಿ ಅನೇಕರ ದಾರಿ ಥಾಯ್ಲೆಂಡಿನ ಪೆಚ್ಚಬುರಿ ಪ್ರಾಂತ್ಯದ ಪಾಕ್ ತಲೇ ಎಂಬ ಕರಾವಳಿ ಹಳ್ಳಿಗೆ ಹೋಗುತ್ತದೆ. ಅಲ್ಲಿ ದಟ್ಟ ಕಾಡಿಲ್ಲ. ಇರುವುದು ಉಪ್ಪಿನ ಗದ್ದೆಗಳು. ಅವುಗಳ ತೆಳುನೀರಿನಲ್ಲಿ ಚಳಿಗಾಲ ಕಳೆಯಲು ಬರುತ್ತದೆ, ಚಮಚದಾಕಾರದ ಕೊಕ್ಕಿನ ಪುಟ್ಟ ಉಲ್ಲಂಕಿ. ಗುಬ್ಬಚ್ಚಿಯಷ್ಟೇ ಗಾತ್ರದ ಈ ಹಕ್ಕಿ ರಷ್ಯದ ಈಶಾನ್ಯ ತುದಿಯ ಚುಕೋಟ್ಕಾದಲ್ಲಿ ಮರಿ ಮಾಡಿ, ಸುಮಾರು 8000 ಕಿಲೋಮೀಟರ್ ಹಾರಿ ದಕ್ಷಿಣಕ್ಕೆ ಇಳಿಯುತ್ತದೆ. ಜಗತ್ತಿನಲ್ಲಿ ಉಳಿದಿರುವವು ಕೆಲವೇ ನೂರು. 2008ರಿಂದ ಅದು ಅಳಿವಿನ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ.

ಇಂಥ ಪ್ರವಾಸದಿಂದ ಮರಳುವವರು ತರಬಹುದಾದ ನಿಜವಾದ ಸಂಪತ್ತು ಛಾಯಾಚಿತ್ರವಲ್ಲ, ಒಂದು ತಿಳಿವಳಿಕೆ. ಕಡಲಂಚಿನ ಹಕ್ಕಿಗೆ ಎರಡು ನೆಲೆಗಳು ಬೇಕು. ಇಳಿತದಲ್ಲಿ ತೆರೆದುಕೊಳ್ಳುವ ಕೆಸರು ಅದರ ಊಟದ ತಟ್ಟೆ. ಭರತದಲ್ಲಿ ಆ ಕೆಸರು ಮುಳುಗಿದಾಗ ಕಾಲೂರಿ ನಿಲ್ಲಲು ಉಪ್ಪಿನ ಗದ್ದೆಯಂಥ ತೆಳುನೀರು ಬೇಕು. ಎರಡರಲ್ಲಿ ಒಂದು ಹೋದರೂ ಹಕ್ಕಿ ಉಳಿಯದು. ಥಾಯ್ಲೆಂಡಿನ ಪಕ್ಷಿ ಸಂರಕ್ಷಣ ಸಂಘವು ಪಾಕ್ ತಲೇಯ ಗದ್ದೆಗಳ ಒಂದು ಭಾಗವನ್ನು ಕೊಂಡು, ಉಪ್ಪು ತೆಗೆಯುವ ಹಳೆಯ ಪದ್ಧತಿಯೊಡನೆಯೇ ಕಾಯ್ದುಕೊಂಡು ಬಂದಿರುವುದು ಇದೇ ಕಾರಣಕ್ಕೆ.

ವಿರುದ್ಧ ಉದಾಹರಣೆಯೂ ಇದೆ. ದಕ್ಷಿಣ ಕೊರಿಯಾದ ಸೇಮನ್‌ಗಮ್‌ನಲ್ಲಿ ಸುಮಾರು 33 ಕಿಲೋಮೀಟರ್ ಉದ್ದದ ಕಡಲಗೋಡೆಯನ್ನು 2006ರಲ್ಲಿ ಮುಚ್ಚಲಾಯಿತು. ಭರತ-ಇಳಿತಗಳು ನಿಂತವು, ಚಿಪ್ಪುಜೀವಿಗಳು ಸತ್ತವು, ಅವುಗಳನ್ನೇ ನಂಬಿ ಬರುತ್ತಿದ್ದ ಹತ್ತಾರು ಸಾವಿರ ಹಕ್ಕಿಗಳು ಇಲ್ಲವಾದವು. ಅವು ಬೇರೆಡೆ ಹೋಗಿ ಬದುಕಿಕೊಂಡಾವು ಎಂಬ ಸಮಾಧಾನ ಸುಳ್ಳಾಯಿತು. ವಲಸೆಯ ದಾರಿಯಲ್ಲಿ ಖಾಲಿ ಛತ್ರಗಳಿರುವುದಿಲ್ಲ.

ಮ್ಯಾನ್ಮಾರಿನ ಮೊಟ್ಟಮ ಕೊಲ್ಲಿಯ ಪಾಠ ಮತ್ತೊಂದು ಬಗೆಯದು. ಅಲ್ಲಿ ಬಡ ಹಳ್ಳಿಗರು ಹೊಟ್ಟೆಪಾಡಿಗಾಗಿ ಬಲೆಯೊಡ್ಡಿ ಹಕ್ಕಿ ಹಿಡಿಯುತ್ತಿದ್ದರು. ಅವರನ್ನು ಅಪರಾಧಿಗಳೆಂದು ಅಟ್ಟದೆ, ಬದಲಿ ಜೀವನೋಪಾಯ ಒದಗಿಸಿದಾಗ ಬೇಟೆ ಬಹುಮಟ್ಟಿಗೆ ತಗ್ಗಿತು. ಜನರನ್ನು ಹೊರಗಿಟ್ಟು ಕೆಸರನ್ನು ಉಳಿಸಲಾಗದು.

ಈ ಎಲ್ಲ ಪಾಠಗಳನ್ನು ಒಂದೇ ಕಡೆ ಕಾಣಬಯಸುವವರು ವಿಮಾನ ಹತ್ತಬೇಕಿಲ್ಲ. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟೊಂದೂ ಇಲ್ಲದೆ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುತ್ತದೆ. ಅದರ ಅಳಿವೆಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ, ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಯಿದೆ, ಕಾಂಡ್ಲಾ ಕಾಡಿದೆ, ಇಳಿತದ ಹೊತ್ತಿಗೆ ಬಳಚು ಆಯುವ ಹೆಂಗಸರಿದ್ದಾರೆ, ಅವರ ಆಚೆಗೆ ಅದೇ ಕೆಸರಿನಲ್ಲಿ ಕೊಕ್ಕಾಡಿಸುವ ಹಕ್ಕಿಗಳಿವೆ. ಇದೇ ತದಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರುವ ಯೋಜನೆಯಿತ್ತು. ಜನರ ವಿರೋಧದ ಮುಂದೆ ಅದು ನಿಲ್ಲಲಿಲ್ಲ. 2024ರಲ್ಲಿ 4801 ಹೆಕ್ಟೇರಿನ ಅಳಿವೆ ರಾಮ್ಸಾರ್ ತಾಣವಾಯಿತು. ಅದರೊಡನೆ ಅದೇ ಮನ್ನಣೆ ಪಡೆದದ್ದು ಗದಗ ಜಿಲ್ಲೆಯ ಮಾಗಡಿ ಕೆರೆ. ಮಧ್ಯ ಏಷ್ಯಾದ ಎತ್ತರದ ಸರೋವರಗಳಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಚಳಿಗಾಲ ಕಳೆಯುತ್ತವೆ. ಅವು ಸುತ್ತಲಿನ ಹೊಲಗಳಲ್ಲಿ ಮೇಯುವುದನ್ನು ರೈತರು ಸಹಿಸಿಕೊಂಡಿರುವುದರಿಂದಲೇ ಆ ಕೆರೆಗೆ ಕೀರ್ತಿ ಬಂದಿದೆ. ಪದಕ ಕೆರೆಗೆ ಸಂದರೂ ಅದರ ವೆಚ್ಚ ಭರಿಸುವವರು ರೈತರು ಎಂಬುದನ್ನು ಮರೆಯಬಾರದು.

ಈ ಊರಿಗೆ ಹತ್ತಿರದ್ದು ಉಣಕಲ್ ಕೆರೆ. ಅದರಂಥ ನಗರದ ಕೆರೆಗಳಿಗೆ ಎದುರಾಗಿರುವ ಅಪಾಯ ವೈರದಿಂದ ಬಂದುದಲ್ಲ, ಅಭಿಮಾನದಿಂದ ಬಂದುದು. ಅಂದಗೊಳಿಸುವ ಹುಮ್ಮಸ್ಸಿನಲ್ಲಿ ಇಳಿಜಾರಿನ ಕೆಸರಂಚನ್ನು ಕಲ್ಲಿನ ಗೋಡೆಯಾಗಿ ಕಟ್ಟಿದರೆ, ನೀರು ಉಳಿಯುತ್ತದೆ, ಕಾಲೂರುವ ತಾಣ ಉಳಿಯುವುದಿಲ್ಲ. ಉಲ್ಲಂಕಿಗೂ ಮೆಟ್ಟುಗಾಲು ಹಕ್ಕಿಗೂ ಬೇಕಾದುದು ಅಂಗುಲಗಳ ಲೆಕ್ಕದ ನೀರು. ಚರಂಡಿಯ ಕೊಳೆ ಹರಿದುಬಂದರೆ ಅಂತರಗಂಗೆ ಹಬ್ಬಿ ಆ ನೀರೂ ಮುಚ್ಚುತ್ತದೆ. ಆದುದರಿಂದ ಕೆರೆಯ ಯಾವುದೇ ಕಾಮಗಾರಿಗೆ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಉದ್ದದ ಅಂಚು ಮಣ್ಣಾಗಿಯೇ ಉಳಿಯುತ್ತದೆ?

ಆ ಪ್ರಶ್ನೆಗೆ ಬಲ ಬರುವುದು ದಾಖಲೆಯಿಂದ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದಕ್ಕೆ ಬೇಕಾದುದು ದುರ್ಬೀನು, ನೋಟುಪುಸ್ತಕ, ತಾಳ್ಮೆ. 2022ರಲ್ಲಿ ಐದು ತಿಂಗಳ ಗಾಡ್‌ವಿಟ್ ಮರಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರನ್ನು ಎಲ್ಲಿಯೂ ಇಳಿಯದೆ 11 ದಿನಗಳಲ್ಲಿ ಹಾರಿತು. ಅಷ್ಟು ದೂರದ ಹಾರಾಟವೂ ಸಾರ್ಥಕವಾಗುವುದು ಇಳಿಯುವ ಕಡೆ ಕೆಸರಿದ್ದಾಗ ಮಾತ್ರ. ವಿದೇಶದ ಕಡಲತೀರಗಳಲ್ಲಿ ಹಕ್ಕಿ ಎಣಿಸಿ ಬಂದವರು ಬರುವ ಜನವರಿಯಲ್ಲಿ ಉಣಕಲ್ಲಿನ ದಂಡೆಯಲ್ಲಿಯೂ ನಿಂತು ಎಣಿಸಲಿ. ಆ ಲೆಕ್ಕವನ್ನು ಪಾಲಿಕೆಯ ಮುಂದಿಡಲಿ.